ತೋಟದಲ್ಲಿ ದುಡಿದ ಕೈ: ಏನು ವಾಸಿಯಾಗುತ್ತದೆ, ಏನು ಉಳಿಯುತ್ತದೆ

ಪ್ರಶ್ನೆ: ನಮ್ಮ ಅಮ್ಮನಿಗೆ 70 ವರ್ಷ. ಸೋಮವಾರಪೇಟೆ ಕಡೆಯ ಕಾಫಿ ತೋಟದಲ್ಲಿ ಚಿಕ್ಕ ವಯಸ್ಸಿನಿಂದ ಕೂಲಿ ಮಾಡಿದವರು. ನಾವು ಮಕ್ಕಳೆಲ್ಲ ಬೆಳೆದದ್ದು ಲೈನ್ ಮನೆಯಲ್ಲೇ. ಈಗ ಕೆಲಸ ಬಿಟ್ಟು ಕುಶಾಲನಗರದಲ್ಲಿ ನನ್ನ ಜೊತೆ ಇದ್ದಾರೆ. ಬೆರಳ ತುದಿಯ ಗೆಣ್ಣುಗಳೆಲ್ಲ ಗಂಟು ಕಟ್ಟಿವೆ. ರಾತ್ರಿ ಬಲಗೈ ಜೋಮು ಹಿಡಿದು ಎಚ್ಚರವಾಗುತ್ತದೆ. ಲೋಟ ಕೈಜಾರುತ್ತದೆ. ರೇಷನ್ ಅಂಗಡಿಯ ಮೆಷಿನ್ ಅವರ ಹೆಬ್ಬೆಟ್ಟು ತಗೊಳ್ಳುವುದಿಲ್ಲ. ಎಲ್ಲಕ್ಕಿಂತ ಬೇಜಾರಿನ ಸಂಗತಿ ಅಂದರೆ, ಕೈ ನೋಡಿಕೊಂಡು ಕೂತು, "ಈ ಕೈ ಏನು ಕಡಿದು ಕಟ್ಟೆ ಹಾಕಿತು, ಒಂದು ಸಹಿ ಹಾಕೋಕೂ ಬರಲಿಲ್ಲ" ಅನ್ನುತ್ತಾರೆ. ಇದೆಲ್ಲ ದುಡಿದು ದುಡಿದು ಬಂದದ್ದಾ? ನಾವು ಏನು ಮಾಡಬೇಕು?

ಉತ್ತರ: ನಿಮ್ಮ ಪತ್ರದಲ್ಲಿ ನಾಲ್ಕು ವಿಷಯ ಒಟ್ಟಿಗೆ ಬಂದಿವೆ, ಆದರೆ ನಾಲ್ಕೂ ಬೇರೆ ಬೇರೆ. "ದುಡಿದ ಕೈ, ಸವೆದಿದೆ, ವಯಸ್ಸಾಯಿತು" ಅಂತ ಎಲ್ಲವನ್ನೂ ಒಂದೇ ಮೂಟೆ ಕಟ್ಟಿ ಮೂಲೆಗಿಟ್ಟರೆ, ವಾಸಿಯಾಗುವ ತೊಂದರೆಯೂ ವಾಸಿಯಾಗದೆ ಉಳಿದುಬಿಡುತ್ತದೆ. ಕೈ ಚಿಕಿತ್ಸೆ ಮಾಡುವ ಫಿಸಿಯೋಥೆರಪಿಸ್ಟ್ ಆಗಿ ಕೊಡಗಿನಲ್ಲಿ ನಾನು ದಿನಾ ನೋಡುವುದು ಇದನ್ನೇ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಮೊದಲು ಜೋಮು. ಇದಕ್ಕೆ ಮಾತ್ರ ಕಾಯಬೇಡಿ. ಯಾವ ಯಾವ ಬೆರಳು ಅಂತ ಅಮ್ಮನನ್ನು ಬಿಡಿಸಿ ಕೇಳಿ. "ಇಡೀ ಕೈ" ಅಂತಲೇ ಹೇಳುತ್ತಾರೆ, ಎಲ್ಲರೂ ಮೊದಲು ಹಾಗೇ ಹೇಳುವುದು. ರಾತ್ರಿ ಎಚ್ಚರವಾದಾಗ ಕಿರುಬೆರಳನ್ನು ಒಮ್ಮೆ ಚಿವುಟಿ ನೋಡಿಕೊಳ್ಳಲಿ. ಅದು ಸರಿಯಾಗಿದ್ದು ಹೆಬ್ಬೆರಳು, ತೋರುಬೆರಳು, ನಡುಬೆರಳು ಮತ್ತು ಉಂಗುರ ಬೆರಳಿನ ಅರ್ಧ ಮಾತ್ರ ಜೋಮು ಹಿಡಿದಿದ್ದರೆ, ಮಣಿಕಟ್ಟಿನಲ್ಲಿ ಮೀಡಿಯನ್ ನರ ಒತ್ತಿಕೊಂಡಿರುವ ಸಾಧ್ಯತೆಯೇ ಜಾಸ್ತಿ. ಕಾರ್ಪಲ್ ಟನಲ್ ಅನ್ನುವುದು ಇದಕ್ಕೇ. ಮಣಿಕಟ್ಟಿನ ಒಳಬದಿಯಲ್ಲಿ ಮೂಳೆಗಳಿಗೂ ಒಂದು ಗಟ್ಟಿ ಪಟ್ಟಿಗೂ ನಡುವೆ ಇಕ್ಕಟ್ಟಾದ ದಾರಿ ಇದೆ. ಬೆರಳು ಮಡಚುವ 9 ಹುರಿಗಳ, ಅಂದರೆ ಟೆಂಡನ್‌ಗಳ ಜೊತೆ ಈ ನರವೂ ಅದರೊಳಗೇ ನುಸುಳಬೇಕು. ಒಳಗೆ ಸ್ವಲ್ಪ ಊತ ಬಂದರೂ ಮೊದಲು ನಲುಗುವುದು ನರ. ಎದ್ದು ಕೂತು ಕೈ ಕೊಡವಿದರೆ ಹಾಯ್ ಅನ್ನಿಸುತ್ತದಾ ಅಂತಲೂ ಕೇಳಿ. ಹೌದು ಅಂದರೆ ಅನುಮಾನ ಇನ್ನಷ್ಟು ಗಟ್ಟಿ.

ಇನ್ನೊಂದು ನೀವೇ ನೋಡಬಹುದು. ಎರಡೂ ಅಂಗೈಯನ್ನು ಕಿಟಕಿಯ ಬೆಳಕಿಗೆ ಪಕ್ಕಪಕ್ಕ ಹಿಡಿಸಿ. ಹೆಬ್ಬೆರಳಿನ ಬುಡದಲ್ಲಿ ಮಾಂಸದ ಉಬ್ಬು ಇರುತ್ತದಲ್ಲ, ಬಲಗೈಯಲ್ಲಿ ಅದು ಎಡಗೈಗಿಂತ ಚಪ್ಪಟೆಯಾಗಿದೆಯಾ? ಚಪ್ಪಟೆಯಾಗಿದ್ದರೆ ನರ ಬಹಳ ದಿನದಿಂದ ಒತ್ತಿಕೊಂಡಿದೆ ಅಂತ ಲೆಕ್ಕ. ಹಾಗೆ ಕರಗಿದ ಮಾಂಸಖಂಡ ಮತ್ತೆ ಪೂರ್ತಿ ತುಂಬಿಕೊಳ್ಳುವುದು ಕಷ್ಟ, ಆದ್ದರಿಂದ ಈ ವಾರವೇ ಮೂಳೆ ಡಾಕ್ಟರ್ ಅಥವಾ ನರದ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ. ನರದ ಪರೀಕ್ಷೆ ಮಾಡುತ್ತಾರೆ. ಸಕ್ಕರೆ ಮತ್ತು ಥೈರಾಯ್ಡ್ ಕೂಡ ನೋಡಿಸಿ, ಎರಡೂ ಈ ತೊಂದರೆ ತರುತ್ತವೆ. ಶುರುವಿನಲ್ಲಿದ್ದರೆ ರಾತ್ರಿ ಮಣಿಕಟ್ಟು ಮಡಚದಂತೆ ನೇರವಾಗಿಡುವ ಸ್ಪ್ಲಿಂಟ್ ಸಾಕಾಗಬಹುದು. ಮುಂದುವರಿದಿದ್ದರೆ ಆ ಪಟ್ಟಿಯನ್ನು ಬಿಡಿಸುವ ಚಿಕ್ಕ ಆಪರೇಷನ್ ಇದೆ. ಸಾಮಾನ್ಯವಾಗಿ ಕೈಗಷ್ಟೇ ಮರಗಟ್ಟಿಸಿ ಮಾಡುತ್ತಾರೆ, ಅದೇ ದಿನ ಮನೆಗೆ ಬರಬಹುದು. "ಈ ವಯಸ್ಸಿನಲ್ಲಿ ಆಪರೇಷನ್ ಯಾಕೆ" ಅನ್ನುವ ಮಾತು ಮನೆಯಲ್ಲಿ ಬಂದೇ ಬರುತ್ತದೆ. ಲೋಟ ಹಿಡಿಯಲು, ಸೆರಗು ಸರಿಮಾಡಿಕೊಳ್ಳಲು, ರಾತ್ರಿ ನಿದ್ದೆ ಮಾಡಲು ಅಂತ ಹೇಳಿ.

ಗಂಟುಗಳದ್ದು ಬೇರೆಯೇ ಕಥೆ. ಬೆರಳ ತುದಿಯ ಗೆಣ್ಣಿನಲ್ಲಿ ಬರುವ ಗಟ್ಟಿ ಗಂಟಿಗೆ ಹೆಬರ್ಡನ್ ಗಂಟು ಅನ್ನುತ್ತೇವೆ. ಅದನ್ನು ಗುರುತಿಸಿ ಬರೆದಿಟ್ಟ ವಿಲಿಯಂ ಹೆಬರ್ಡನ್ 18ನೇ ಶತಮಾನದ ಲಂಡನ್ನಿನ ಡಾಕ್ಟರ್. ಇದು ಸಂಧಿವಾತದ ಸಾಮಾನ್ಯ ರೂಪ. ಹೆಂಗಸರಲ್ಲಿ ಮುಟ್ಟು ನಿಂತ ಮೇಲೆ ಜಾಸ್ತಿ, ಅದರಲ್ಲೂ ತಾಯಿಯಿಂದ ಮಗಳಿಗೆ ಬರುವುದು ಹೆಚ್ಚು. ನಿಮ್ಮ ಅಜ್ಜಿಯ ಕೈ ಹೇಗಿತ್ತು ಅಂತ ಅಮ್ಮನನ್ನು ಕೇಳಿ ನೋಡಿ. ತೋಟದ ಮುಖವನ್ನೇ ನೋಡದ, ಜೀವನವಿಡೀ ಬ್ಯಾಂಕಿನಲ್ಲಿ ಕೂತು ಕೆಲಸ ಮಾಡಿದವರ ಕೈಯಲ್ಲೂ ಇದೇ ಗಂಟು ನೋಡುತ್ತೇನೆ. ಹಾಗಾಗಿ "ದುಡಿದು ದುಡಿದು ಬಂದದ್ದಾ" ಅನ್ನುವುದಕ್ಕೆ ನನ್ನ ಉತ್ತರ: ಸ್ವಲ್ಪ ಹೌದು, ಬಹಳಷ್ಟು ಅಲ್ಲ. ಗಂಟು ಕರಗುವುದಿಲ್ಲ, ಕರಗಿಸುತ್ತೇವೆ ಅಂತ ಎಣ್ಣೆ ಮಾರುವವರಿಗೆ ದುಡ್ಡು ಕೊಡಬೇಡಿ. ಹೆಚ್ಚಿನವರಿಗೆ ಕೆಲವು ವರ್ಷದಲ್ಲಿ ನೋವು ಇಳಿಯುತ್ತದೆ, ಆಕಾರ ಹಾಗೇ ಉಳಿಯುತ್ತದೆ. ಒಂದು ಎಚ್ಚರಿಕೆ ಮಾತ್ರ. ಬೆಳಿಗ್ಗೆ ಒಂದು ಗಂಟೆ ಕಳೆದರೂ ಮುಷ್ಟಿ ಕಟ್ಟಲು ಆಗದಿದ್ದರೆ, ಊತ ಮೆತ್ತಗೆ, ಬಿಸಿಯಾಗಿ, ಎರಡೂ ಕೈಯ ಬೆರಳ ಬುಡದಲ್ಲಿ ಇದ್ದರೆ, ಅದು ರುಮಟಾಯ್ಡ್ ಅನ್ನುವ ಬೇರೆ ಬಗೆಯ ಸಂಧಿವಾತ ಆಗಿರಬಹುದು. ಅದಕ್ಕೆ ಬೇರೆ ಔಷಧಿ ಇದೆ, ತಡಮಾಡಿದರೆ ಕೀಲು ಹಾಳಾಗುತ್ತದೆ.

ಇನ್ನು ಅಮ್ಮನ ಮಾತಿಗೆ ಬರುತ್ತೇನೆ. ನಿಜ ಹೇಳಬೇಕೆಂದರೆ ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಮಾತೇ.

ಸುಮಾರು 1700ರಲ್ಲಿ ಇಟಲಿಯಲ್ಲಿ ಬೆರ್ನಾರ್ಡಿನೋ ರಾಮಜ್ಜೀನಿ ಅನ್ನುವ ವೈದ್ಯ ಇದ್ದರು. ರೋಗಿಯನ್ನು ಏನೇನೋ ಕೇಳುತ್ತೀರಿ, ಜೊತೆಗೆ "ನೀನು ಏನು ಕೆಲಸ ಮಾಡುತ್ತೀಯ" ಅಂತಲೂ ಕೇಳಿ ಅಂತ ಉಳಿದ ವೈದ್ಯರಿಗೆ ಹೇಳಿದವರು ಅವರು. ನಾನೂ ಅದನ್ನೇ ಕೇಳುತ್ತೇನೆ. ತೋಟದಲ್ಲಿ ದುಡಿದ ಹೆಂಗಸರು ಕೊಡುವ ಉತ್ತರ ಒಂದೇ: "ಏನಿಲ್ಲ, ತೋಟದ ಕೆಲಸ." ಹಾಗಂದರೆ ನನಗೆ ಸಾಕಾಗುವುದಿಲ್ಲ. ಮಾಡಿ ತೋರಿಸಿ ಅನ್ನುತ್ತೇನೆ. ಒಬ್ಬರು ಕುರ್ಚಿಯಲ್ಲಿ ಕೂತೇ ತೋರಿಸಿದರು. ಎಡಗೈ ಮೇಲಕ್ಕೆ ಹೋಗಿ ಇಲ್ಲದ ಒಂದು ರೆಂಬೆಯನ್ನು ಬಾಗಿಸಿ ಹಿಡಿಯಿತು. ಬಲಗೈ ಅದರ ಕೆಳಗೆ ಬಂತು. ಹೆಬ್ಬೆರಳು ಮತ್ತು ತೋರುಬೆರಳು ಹಣ್ಣನ್ನು ಹಿಡಿದು ಒಂದು ಚಿಕ್ಕ ತಿರುವು ಕೊಟ್ಟವು, ನಡುಬೆರಳು ಪಕ್ಕದ ಹಸಿರು ಕಾಯನ್ನು ಸರಿಸಿ ಬದಿಗಿಟ್ಟಿತು, ಬಿದ್ದ ಹಣ್ಣನ್ನು ಉಳಿದೆರಡು ಬೆರಳು ಅಂಗೈಗೆ ಒತ್ತಿಕೊಂಡವು. ಅಂಗೈ ತುಂಬಿದ ಮೇಲೆ ಕೈ ಸೊಂಟದ ಚೀಲದ ಕಡೆ ತಾನಾಗಿ ಹೋಯಿತು. ಇಷ್ಟೂ ಹೊತ್ತು ಅವರು ನನ್ನ ಮುಖ ನೋಡಿಕೊಂಡು ಮೊಮ್ಮಗಳ ಮದುವೆ ಬಗ್ಗೆ ಮಾತಾಡುತ್ತಿದ್ದರು.

ಆ ಐದು ಬೆರಳಿಗೆ ಮೂರು ಬೇರೆ ಬೇರೆ ಕೆಲಸ. ಎಡಗೈಗೆ ಬೇರೆ ಕೆಲಸ, ರೆಂಬೆ ಮುರಿಯದಂತೆ ಎಷ್ಟು ಬಾಗಿಸಬೇಕೋ ಅಷ್ಟೇ ಬಾಗಿಸುವುದು. ರೆಂಬೆ ಸೀಳಿದರೆ, ತುದಿಯ ಚಿಗುರು ಕಿತ್ತುಬಂದರೆ ಮುಂದಿನ ವರ್ಷದ ಫಸಲು ಹೋಯಿತು ಅಲ್ವಾ. ಅರೇಬಿಕಾ ಒಂದೇ ಸಲಕ್ಕೆ ಹಣ್ಣಾಗುವುದಿಲ್ಲ. ಮೊದಲು ಫ್ಲೈ ಪಿಕ್ಕಿಂಗ್, ಆಮೇಲೆ ದೊಡ್ಡ ಕೊಯ್ಲು, ಕೊನೆಗೆ ಉಳಿದದ್ದನ್ನು ಬಳಿದು ತೆಗೆಯುವುದು. ಮೊದಲ ಸುತ್ತಿನಲ್ಲಿ ಅದೇ ಗೊಂಚಲಿನಿಂದ ಕೆಂಪು ಮಾತ್ರ ಬಿಡಿಸಿ ಹಸಿರನ್ನು ಬಿಡಬೇಕು. ನಿಮ್ಮ ಅಮ್ಮ ಮಾಡಿದ್ದೂ ಇದೇ.

ಒಂದು ಲೆಕ್ಕ ಹಾಕೋಣ. ಒಂದು ಕಾಫಿ ಹಣ್ಣು ಹೆಚ್ಚುಕಮ್ಮಿ ಒಂದೂವರೆ ಗ್ರಾಂ ತೂಗುತ್ತದೆ. ಅಮ್ಮ ದಿನಕ್ಕೆ 40 ಕಿಲೋ ಕೊಯ್ದರು ಅಂತಿಟ್ಟುಕೊಂಡರೂ ಅದು 25 ಸಾವಿರಕ್ಕಿಂತ ಜಾಸ್ತಿ ಹಣ್ಣು. ವರ್ಷಕ್ಕೆ 60 ದಿನ, 40 ವರ್ಷ ಅಂದರೆ 6 ಕೋಟಿ ಹಣ್ಣು ದಾಟುತ್ತದೆ. ಒಂದು ತಿರುವಿಗೆ ಮೂರು ಹಣ್ಣು ಬಂತು ಅಂದರೂ ಆ ಹೆಬ್ಬೆರಳು ಎರಡು ಕೋಟಿ ಸಲ ತಿರುಗಿದೆ. ಒಂದು ಕಿಲೋ ಬೀಜಕ್ಕೆ ಸುಮಾರು 5ರಿಂದ 6 ಕಿಲೋ ಹಣ್ಣು ಬೇಕು. ದೇಶದ ಕಾಫಿಯಲ್ಲಿ ಹತ್ತಿರ ಹತ್ತಿರ ಮೂರನೇ ಒಂದು ಪಾಲು ಕೊಡಗಿನದ್ದು, ಅದರಲ್ಲಿ ಬಹುಪಾಲು ಇಂಥ ಕೈಗಳಿಂದಲೇ ಬಂದದ್ದು. ನಿಮ್ಮ ಅಮ್ಮನ ದಿನಗಳು, ಕಿಲೋಗಳು ಬೇರೆ ಇರಬಹುದು. ಅವರನ್ನೇ ಕೇಳಿ ನಿಮ್ಮ ಲೆಕ್ಕ ನೀವು ಹಾಕಿ. ಸಂಜೆ ತೂಕದ ಹೊತ್ತಿಗೆ ತೋಟದ ಲೆಕ್ಕ ಬರೆಯುವ ರೈಟರ್ ಹೇಳುತ್ತಿದ್ದ ಅಂಕಿ ಅವರಿಗೆ ಖಂಡಿತ ನೆನಪಿರುತ್ತದೆ.

ಕೊಯ್ಲು ವರ್ಷದ ಒಂದು ತುಂಡು ಮಾತ್ರ. ಉಳಿದ ತಿಂಗಳು? ಚಿಗುರು ತೆಗೆಯುವುದು, ಕಸಿ (ತೋಟದ ಮಾತಿನಲ್ಲಿ ರೆಂಬೆ ಸವರುವುದು), ಗೊಬ್ಬರ, ಕಳೆ. ಬಿಳಿ ಕಾಂಡಕೊರಕ ಮೊಟ್ಟೆ ಇಡದಂತೆ ಅರೇಬಿಕಾ ಗಿಡದ ಬುಡದ ತೊಗಟೆಯನ್ನು ತೆಂಗಿನ ನಾರಿನಲ್ಲಿ ಉಜ್ಜುವುದು, ಅದೂ ಒಂದೊಂದೇ ಗಿಡ. ಮಳೆಗೆ ಮುಂಚೆ ಗಿಡಕ್ಕೆ ರೋಗ ಬರದಂತೆ ಸಿಂಪಡಿಸುವ ಬೋರ್ಡೋ ದ್ರಾವಣ ಕಲಸಿ, ಮೈಲುತುತ್ತದ ನೀಲಿ ಉಗುರಿನ ಸಂದಿಯಿಂದ ವಾರಗಟ್ಟಲೆ ಹೋಗದೆ ಇರುವುದು. ಜುಲೈಯಲ್ಲಿ ಗದ್ದೆ ಇದ್ದವರಿಗೆ ನಾಟಿ, ಬೆರಳ ಸಂದಿಯೆಲ್ಲ ನೀರಿನಲ್ಲಿ ಬೆಳ್ಳಗಾಗುವುದು. ಆಮೇಲೆ ಕರಿಮೆಣಸು. ಇದೆಲ್ಲ ತೋಟದ ಲೆಕ್ಕದ ಪುಸ್ತಕದಲ್ಲಿ ಬರುವ ಕೆಲಸ. ಬೆಳಿಗ್ಗೆ ನಾಲ್ಕೂವರೆಗೆ ಎದ್ದು ತಟ್ಟಿದ ರೊಟ್ಟಿ, ಹಳ್ಳದಲ್ಲಿ ಹಿಂಡಿದ ಬಟ್ಟೆ, ಜ್ವರ ಬಂದ ನಿಮ್ಮ ಹಣೆಯ ಮೇಲೆ ಇಟ್ಟ ಒದ್ದೆ ಬಟ್ಟೆ, ಇವು ಯಾವ ಪುಸ್ತಕದಲ್ಲೂ ಬರಲಿಲ್ಲ. ಕೈಲ್ ಮುಹೂರ್ತಕ್ಕೆ ಕೊಡಗಿನ ಮನೆಗಳಲ್ಲಿ ಕೋವಿ, ಕತ್ತಿ, ನೇಗಿಲು ಇಟ್ಟು ಪೂಜೆ ಮಾಡುತ್ತಾರೆ, ನೋಡಲು ನನಗೆ ತುಂಬಾ ಇಷ್ಟ. ಅವನ್ನು ಹಿಡಿದ ಕೈ ಹೇಗಿದೆ ಅಂತಲೂ ವರ್ಷಕ್ಕೊಮ್ಮೆ ನೋಡಬೇಕಿತ್ತು ಅನ್ನಿಸುತ್ತದೆ.

ಸಹಿ ಬಾರದ ಕೈ ಅಂದರೆ ಏನೂ ಕಲಿಯದ ಕೈ ಅಂತ ಅಮ್ಮ ಅಂದುಕೊಂಡಿದ್ದಾರೆ. ಇದು ಶುದ್ಧ ತಪ್ಪು. 1930ರ ದಶಕದಲ್ಲಿ ಕೆನಡಾದ ಸರ್ಜನ್ ವೈಲ್ಡರ್ ಪೆನ್‌ಫೀಲ್ಡ್, ಎಚ್ಚರವಾಗಿರುವ ರೋಗಿಗಳ ಮಿದುಳಿಗೆ ಅಲ್ಲಲ್ಲಿ ಸಣ್ಣದಾಗಿ ವಿದ್ಯುತ್ ತಾಗಿಸಿ ಯಾವ ಜಾಗ ಯಾವ ಅಂಗವನ್ನು ನೋಡಿಕೊಳ್ಳುತ್ತದೆ ಅಂತ ನಕ್ಷೆ ಮಾಡಿದರು. ಇಡೀ ಬೆನ್ನಿಗೆ ಸಿಕ್ಕಿದ್ದು ಚೂರು ಜಾಗ. ಕೈಗೆ, ಅದರಲ್ಲೂ ಹೆಬ್ಬೆರಳಿಗೆ ಸಿಕ್ಕಿದ್ದು ದೊಡ್ಡ ಪಾಲು. ಬಳಸಿದಷ್ಟೂ ಆ ಪಾಲು ಬದಲಾಗುತ್ತದೆ ಅಂತ ಆಮೇಲೆ ತಿಳಿಯಿತು. ತಂತಿವಾದ್ಯ ನುಡಿಸುವವರಲ್ಲಿ ತಂತಿ ಒತ್ತುವ ಬೆರಳುಗಳ ಜಾಗ ಹಿಗ್ಗಿರುವುದನ್ನು 1995ರಲ್ಲಿ ತೋರಿಸಿದ್ದಾರೆ. ಕೊಯ್ಯುವ ಬೆರಳಿನ ಬಗ್ಗೆ ಯಾಕೆ ಹಾಗೆ ಯೋಚಿಸಬಾರದು? ಹಣ್ಣು ಪೂರ್ತಿ ಮಾಗಿದೆಯೋ ಇಲ್ಲವೋ ಅಂತ ಕಣ್ಣಿಗಿಂತ ಮೊದಲು ಬೆರಳಿಗೆ ಗೊತ್ತಾಗುತ್ತದೆ ಅಂತ ಹಳಬರು ಹೇಳುತ್ತಾರೆ, ನಾನು ನಂಬುತ್ತೇನೆ. ಬರೆಯುವುದೂ ಕೈ ಕಲಿತ ಒಂದು ಚಲನೆ, ಕೊಯ್ಯುವುದೂ ಕೈ ಕಲಿತ ಒಂದು ಚಲನೆ. ಒಂದಕ್ಕೆ ಶಾಲೆ ಇತ್ತು, ಇನ್ನೊಂದಕ್ಕೆ ಇರಲಿಲ್ಲ.

ರೇಷನ್ ಅಂಗಡಿಯ ವಿಷಯ. ಬೆರಳಿನ ಗೆರೆಗಳು ನಾವು ಹುಟ್ಟುವ ಮೊದಲೇ, ಗರ್ಭದಲ್ಲೇ ಮೂಡಿರುತ್ತವೆ. ಆದರೆ ಮೇಲಿನ ಚರ್ಮ ಸುಮಾರು ಒಂದು ತಿಂಗಳಿಗೆ ಹೊಸದಾಗುತ್ತಾ ಇರುತ್ತದೆ. ಕೆಲಸದಿಂದ ಸವೆದ ಗೆರೆ ಕೆಲವು ವಾರ ಬಿಡುವು ಕೊಟ್ಟರೆ ಬಹುಪಾಲು ವಾಪಸ್ ಬರುತ್ತದೆ. ವಯಸ್ಸಾದವರಲ್ಲಿ ಚರ್ಮ ತೆಳುವಾಗಿ, ಒಣಗಿ, ಗೆರೆಯ ಎತ್ತರ ಕಮ್ಮಿಯಾಗಿ ಮೆಷಿನ್‌ಗೆ ಸಿಗುವುದಿಲ್ಲ. ಹಿಂದಿನ ರಾತ್ರಿ ಬೆರಳಿಗೆ ಕೊಬ್ಬರಿ ಎಣ್ಣೆ ಸವರಿ, ಬೆಳಿಗ್ಗೆ ಬೆಚ್ಚಗಿನ ನೀರಿನಲ್ಲಿ ತೊಳೆದು ಒರೆಸಿಕೊಂಡು ಹೋಗಲಿ. ಹೆಬ್ಬೆಟ್ಟೇ ಆಗಬೇಕು ಅಂತ ಇಲ್ಲ, ಆಧಾರ್‌ಗೆ ಹತ್ತೂ ಬೆರಳು ಕೊಟ್ಟಿರುತ್ತೇವೆ, ಬೇರೆ ಬೆರಳು ಪ್ರಯತ್ನಿಸಿ. ಉಂಗುರ ಬೆರಳು ಕಮ್ಮಿ ಸವೆದಿರಬಹುದು. ಆಧಾರ್ ಕೇಂದ್ರದಲ್ಲಿ ಬೆರಳಚ್ಚನ್ನು ಹೊಸದಾಗಿ ಕೊಡಿಸಬಹುದು. ಕಣ್ಣಿನ ಪಾಪೆಯಿಂದಲೂ ದೃಢೀಕರಣ ಆಗುತ್ತದೆ, ಮೊಬೈಲ್‌ಗೆ ಬರುವ ಓಟಿಪಿಯೂ ಇದೆ. ಅಂಗಡಿಯಲ್ಲಿ ಯಾವುದು ನಡೆಯುತ್ತದೆ ಅಂತ ಕೇಳಿ, ಹೆಬ್ಬೆಟ್ಟು ಬರಲಿಲ್ಲ ಅಂತ ಅಮ್ಮನನ್ನು ಬರಿಗೈಯಲ್ಲಿ ವಾಪಸ್ ಕಳಿಸಲು ಬಿಡಬೇಡಿ. 1858ರಲ್ಲಿ ಬಂಗಾಳದಲ್ಲಿ ವಿಲಿಯಂ ಹರ್ಷಲ್ ಅನ್ನುವ ಅಧಿಕಾರಿ ರಸ್ತೆ ಗುತ್ತಿಗೆದಾರನೊಬ್ಬನ ಇಡೀ ಅಂಗೈಯ ಅಚ್ಚನ್ನು ಕರಾರು ಪತ್ರದ ಮೇಲೆ ಒತ್ತಿಸಿಕೊಂಡಿದ್ದರು. ಇವತ್ತಿನ ಈ ಮೆಷಿನ್‌ವರೆಗಿನ ದಾರಿ ಶುರುವಾದದ್ದು ಅಲ್ಲಿಂದ. ದುಡಿದ ಕೈಯ ಗುರುತು ಹಿಡಿಯಲು ಹುಟ್ಟಿದ ಉಪಾಯ ದುಡಿದ ಕೈಗೇ ಕೈಕೊಡುತ್ತಿದೆ, ಇದು ನನಗೆ ನಿಜಕ್ಕೂ ನೋವಿನ ಸಂಗತಿ.

ಈಗ ಮನೆಯಲ್ಲಿ ಏನು ಮಾಡಬೇಕು. ದೊಡ್ಡ ತಪ್ಪು ಅಂದರೆ "ಸಾಕಮ್ಮ, ಇನ್ನು ಕೂತಿರು" ಅಂತ ಎಲ್ಲ ಕೆಲಸ ಕಿತ್ತುಕೊಳ್ಳುವುದು. ಪ್ರೀತಿಯಿಂದಲೇ ಹೇಳುತ್ತೀರಿ, ಗೊತ್ತು. ಆದರೆ ಬೆರಳಿನೊಳಗೆ ಅದನ್ನು ಆಡಿಸುವ ಮಾಂಸಖಂಡವೇ ಇಲ್ಲ. ಎಳೆಯುವ ಸ್ನಾಯುಗಳೆಲ್ಲ ಮುಂಗೈಯಲ್ಲಿ ಮತ್ತು ಅಂಗೈಯಲ್ಲಿವೆ. ಹಿಡಿಯುವ ಕೆಲಸ ನಿಂತರೆ ಅವು ಸೊರಗುತ್ತವೆ. 2015ರಲ್ಲಿ ಭಾರತವೂ ಸೇರಿ 17 ದೇಶಗಳ ಸುಮಾರು 1 ಲಕ್ಷ 40 ಸಾವಿರ ಜನರ ಅಧ್ಯಯನ ಪ್ರಕಟವಾಯಿತು. ಕೈಹಿಡಿತ ಕಮ್ಮಿ ಇದ್ದವರಲ್ಲಿ ಸಾವಿನ ಅಪಾಯವೂ ಜಾಸ್ತಿ ಕಂಡಿತು. ಹಿಡಿತ ಕಮ್ಮಿಯಾದದ್ದೇ ಸಾವಿಗೆ ಕಾರಣ ಅಂತಲ್ಲ, ಇಡೀ ಮೈಯ ಶಕ್ತಿಯ ಸುಳಿವು ಅಲ್ಲಿ ಸಿಗುತ್ತದೆ ಅಂತ.

ಹಾಗಾಗಿ ಕೆಲಸ ಇರಲಿ, ರೀತಿ ಬದಲಾಗಲಿ. ಬೆಳಿಗ್ಗೆ ಐದು ನಿಮಿಷ ಬೆಚ್ಚಗಿನ ನೀರಿನಲ್ಲಿ ಕೈ ಮುಳುಗಿಸಿ ನಿಧಾನ ಮುಷ್ಟಿ ಕಟ್ಟಿ ಬಿಚ್ಚಲಿ. ಕಡಂಬುಟ್ಟು ಮಾಡುತ್ತೀರಲ್ಲ, ಆ ತರಿ ಹಿಟ್ಟನ್ನು ಕೈಗೆ ತಡೆಯುವಷ್ಟು ಬಿಸಿ ಇರುವಾಗ ಅಮ್ಮನೇ ಉಂಡೆ ಕಟ್ಟಲಿ. ನಾನು ಕೊಡುವ ಯಾವ ರಬ್ಬರ್ ಚೆಂಡಿಗಿಂತಲೂ ಅದು ಒಳ್ಳೆಯ ವ್ಯಾಯಾಮ: ಬಿಸಿ ಇದೆ, ಮೆತ್ತಗಿದೆ, ಎಲ್ಲ ಬೆರಳೂ ಮಡಚುತ್ತವೆ. ನೂಲ್‌ಪುಟ್ಟಿನ ಶ್ಯಾವಿಗೆ ಒರಳು ಒತ್ತುವುದು, ಬೆಡ್‌ಶೀಟ್ ಹಿಂಡುವುದು, ಗಟ್ಟಿ ಮುಚ್ಚಳ ತಿರುಗಿಸುವುದು ಮಾತ್ರ ನೀವು ಮಾಡಿ. ಬೆರಳ ತುದಿಯಲ್ಲಿ ಒಂದು ಕಿಲೋ ಒತ್ತಿ ಹಿಡಿದರೆ ಹೆಬ್ಬೆರಳಿನ ಬುಡದ ಕೀಲಿನ ಮೇಲೆ ಸುಮಾರು 12 ಪಟ್ಟು ಭಾರ ಬೀಳುತ್ತದೆ. ಅದಕ್ಕೇ ಚಾಕು, ಸೌಟಿನ ಹಿಡಿಗೆ ಹಳೆ ಸೈಕಲ್ ಟ್ಯೂಬ್ ಸುತ್ತಿ ದಪ್ಪ ಮಾಡಿಕೊಡಿ, ಹಿಡಿ ದಪ್ಪವಾದಷ್ಟೂ ಹೆಬ್ಬೆರಳಿಗೆ ಹಗುರ. ನೋವಿದ್ದ ದಿನ ಮೇಲೆ ಹಚ್ಚುವ ನೋವಿನ ಜೆಲ್ ಸಾಕು. ಮೆಡಿಕಲ್ ಶಾಪಿನಿಂದ ನೋವಿನ ಮಾತ್ರೆ ತಂದು ತಿಂಗಳುಗಟ್ಟಲೆ ನುಂಗಿಸಬೇಡಿ, ಈ ವಯಸ್ಸಿನಲ್ಲಿ ಹೊಟ್ಟೆ ಮತ್ತು ಕಿಡ್ನಿ ಎರಡಕ್ಕೂ ಹೊಡೆತ. ಬೆರಳು ಮಡಚಿದಾಗ ಸಿಕ್ಕಿಕೊಂಡು ಟಕ್ ಅಂತ ಬಿಡುತ್ತಿದ್ದರೆ ಅದು ಟ್ರಿಗರ್ ಫಿಂಗರ್, ಕತ್ತರಿ ಹಿಡಿದು ಕಸಿ ಮಾಡಿದವರಲ್ಲೂ ನೋಡುತ್ತೇನೆ. ಅದನ್ನೂ ಡಾಕ್ಟರ್‌ಗೆ ಹೇಳಿ, ಚಿಕಿತ್ಸೆ ಸುಲಭ.

ಅಮ್ಮ ಕೈ ನೋಡಿಕೊಂಡು ಕೂತಾಗ ಸುಮ್ನೆ "ಹಾಗೆಲ್ಲ ಅನ್ನಬೇಡಮ್ಮ" ಅಂತ ಬಾಯಿ ಮುಚ್ಚಿಸಬೇಡಿ. ಏನು ಮಾಡಿದೆ ಅಂತ ಕೇಳಿದರೆ ಉತ್ತರ ಬರುವುದಿಲ್ಲ, ಕೈಗೆ ಏನಾದರೂ ಕೊಟ್ಟರೆ ಬರುತ್ತದೆ. ಒಂದು ಕಾಫಿ ರೆಂಬೆ, ಹಳೆಯ ಕತ್ತಿ, ಗೋಣಿಯ ತುಂಡು. ಆ ಗಾಯದ ಗುರುತು ಎಲ್ಲಿಂದ ಬಂತು ಅಂತ ಬೆರಳಿಟ್ಟು ಕೇಳಿ. ಎಡಗೈ ತೋರುಬೆರಳಿನ ಮೇಲೆ ಒಂದು ಇದ್ದೇ ಇರುತ್ತದೆ ಅಂತ ನನ್ನ ಅಂದಾಜು, ಬಲಗೈಯಲ್ಲಿ ಕತ್ತಿ ಹಿಡಿದವರಿಗೆಲ್ಲ ಅಲ್ಲೇ ಇರುವುದು. ಅವರು ಹೇಳುವಾಗ ಮೊಬೈಲ್‌ನಲ್ಲಿ ಮುಖದ ಬದಲು ಕೈಯ ವಿಡಿಯೋ ತೆಗೆಯಿರಿ. ಈಗ ಕೊಯ್ಲಿಗೆ ಅಸ್ಸಾಂ ಕಡೆಯಿಂದ ಬರುವ ಹುಡುಗರು ಜಾಸ್ತಿ, ಯಂತ್ರಗಳೂ ಬರುತ್ತಿವೆ. ಹಸಿರು ಬಿಟ್ಟು ಕೆಂಪು ಬಿಡಿಸುವ ಆ ಬೆರಳಿನ ಕೆಲಸವನ್ನು ನೋಡಿ ಕಲಿಯುವವರಿಗೆ ಅದು ಬೇಕಾಗುತ್ತದೆ.

ಸಹಿಯ ಆಸೆ ಅವರಿಗೆ ನಿಜವಾಗಿಯೂ ಇದ್ದರೆ ಕಲಿಸಿಬಿಡಿ. 70ರಲ್ಲೂ ಕೈ ಕಲಿಯುತ್ತದೆ, ಇದನ್ನು ನಾನು ಪಾರ್ಶ್ವವಾಯು ಆದವರಲ್ಲೂ ನೋಡುತ್ತೇನೆ. ದಪ್ಪ ಸ್ಕೆಚ್ ಪೆನ್, ದೊಡ್ಡ ಹಾಳೆ, ಮೊದಲು ಹೆಸರಿನ ಒಂದೇ ಅಕ್ಷರ, ದಿನಕ್ಕೆ ಹತ್ತು ನಿಮಿಷಕ್ಕಿಂತ ಜಾಸ್ತಿ ಬೇಡ. ಆದರೆ ಜೋಮಿನ ಚಿಕಿತ್ಸೆ ಮೊದಲು ಆಗಲಿ. ಪೆನ್ನು ಹಿಡಿಯಲು ಬೇಕಾದದ್ದು ಅದೇ ಮೂರು ಬೆರಳು, ಮತ್ತು ರಾತ್ರಿ ಸ್ಪ್ಲಿಂಟ್ ಹಾಕಿದ ಮೇಲೂ ಆರು ವಾರದಲ್ಲಿ ಅವು ಸರಿಹೋಗದಿದ್ದರೆ ಡಾಕ್ಟರ್ ಹತ್ತಿರ ಮತ್ತೆ ಹೋಗಿ ಆಪರೇಷನ್ ಬಗ್ಗೆ ನೇರವಾಗಿ ಕೇಳಿ.